ಕೊಲ್ಹಾರದ ಜರ್ಮನ್ ಬೋಟು

ಕ್ಷಯದ ಸ್ಯಾನಿಟೋರಿಯಂನಿಂದ ನಮ್ಮವರು ಗುಣವಾಗಿ ಬಂದ ಮೇಲೆ ಒಂದು ವರ್ಷದೊಳಗೆ ನಾವು ಮೂರು ಮನೆ ಬಿಟ್ಟೆವು. ಬಿಟ್ಟೆವು ಎನ್ನುವುದು ಮರ್ಯಾದೆಗೆ ಹೇಳುವ ಮಾತು. ಸಿಂದಗಿಯಲ್ಲಿ, ನಾನು ಅವರನ್ನು ಕರೆತರಲು ಹೋದ ಎರಡು ದಿನಗಳಲ್ಲಿ ಮನೆಯ ಮಾಲಕರು ನಮ್ಮ ಸಾಮಾನನ್ನೆಲ್ಲ ಹೊರಗಿನ ಕಟ್ಟೆಗೆ ಎತ್ತಿಡಿಸಿ, ಒಳಗೋಡೆಗಳಿಗೆ ಸುಣ್ಣ ಹೊಡೆಸುತ್ತಿದ್ದರು. ಮುದ್ದೇಬಿಹಾಳದಲ್ಲಿ ನನ್ನ ಜೊತೆ ಟ್ರೇನಿಂಗ್ ಮಾಡಿದ ಗೆಳತಿಯೊಬ್ಬಳು ಮನೆ ಕೊಡಿಸಿದಳು. ಸೂಜಿ ಚುಚ್ಚಲು ಕಂಪೌಂಡರ್ ಬಂದು ಹೋಗುವುದನ್ನು ನೋಡಿ ಓಣಿಯವರಿಗೆ ರೋಗದ ಹೆಸರು ತಿಳಿಯಿತು. ಆಮೇಲೆ ಬಾವಿಕಟ್ಟೆಯ ಮೇಲೆ ನಾನು ಕೊಡ ಇಟ್ಟ ಜಾಗದಲ್ಲಿ ಬೇರೆ ಯಾರೂ ಕೊಡ ಇಡದಂತಾಯಿತು. ಬಸವನ ಬಾಗೇವಾಡಿಯ ಮನೆಯಾಕೆ ಮಾತ್ರ ನೇರವಾಗಿ ಮಾತಾಡಿದಳು.

“ಅಕ್ಕೋರ, ನೀವು ಇರ್ರಿ, ಬ್ಯಾಡ ಅನ್ನೂದಿಲ್ಲ. ಅವರು ಬ್ಯಾರೆ ಎಲ್ಲೆರೆ ಇರ್ಲಿ. ನನ್ನ ಮನ್ಯಾಗ ಸಣ್ಣ ಹುಡುಗ್ರು ಅದಾವು.”

ಅವಳನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ನನ್ನ ಆರು ವರ್ಷದ ಮಗಳನ್ನು ನಾನೇ ಇಂಡಿಯಲ್ಲಿ ತವರಿನಲ್ಲಿ ಬಿಟ್ಟಿದ್ದೆ, ಅದೇ ಕಾರಣಕ್ಕೆ. ಡಾಕ್ಟರು ಕಾಗದ ಬರೆದುಕೊಟ್ಟಿದ್ದರು: ಇನ್ನು ಇವರಿಂದ ಯಾರಿಗೂ ಅಂಟುವುದಿಲ್ಲ, ವಾರಕ್ಕೆರಡು ಸಲ ಸೂಜಿ ತಪ್ಪಿಸಬಾರದು, ಗಾಳಿ ಬೆಳಕು ಚೆನ್ನಾಗಿರಬೇಕು ಎಂದು. ಆ ಕಾಗದವನ್ನು ಎಷ್ಟು ಜನರಿಗೆ ತೋರಿಸಿದೆನೋ. ಓದಲು ಬಂದವರೂ ಅದನ್ನು ಕೈಯಲ್ಲಿ ಹಿಡಿಯಲು ಹಿಂಜರಿಯುತ್ತಿದ್ದರು.

ಹೀಗೆ ಬಾಗೇವಾಡಿಯಲ್ಲಿ ಹೆಣ್ಣುಮಕ್ಕಳ ಸಾಲೆಯ ಮಾಸ್ತರಣಿಯಾದ ನಾನು ಒಂದು ಕೋಣೆಯಲ್ಲಿ, ನಮ್ಮವರು ಧರ್ಮಶಾಲೆಯ ಪಡಸಾಲೆಯಲ್ಲಿ. ಸಾಲೆ ಬಿಟ್ಟ ಕೂಡಲೇ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ. ಅವರು ತಮ್ಮ ತಾಟನ್ನು ತಾವೇ ತೊಳೆದು ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದರು. ಕಾಯಿಲೆಗೆ ಮುಂಚೆ ಅವರು ಸಿಂದಗಿಯ ಒಂದು ಅರಳೆ ಗಿರಣಿಯಲ್ಲಿ ಎಂಜಿನ್ ಡ್ರೈವರ್ ಆಗಿದ್ದರು. ಹನ್ನೆರಡು ವರ್ಷ ಹತ್ತಿಯ ನವಿರು ಎದೆಗೆ ಹೋಗಿತ್ತು. ಮತ್ತೆ ಅಲ್ಲಿ ಕಾಲಿಡಬಾರದೆಂದು ಡಾಕ್ಟರು ಹೇಳಿದ್ದರು. ಗಿರಣಿಯವರೂ ಅದನ್ನೇ ಬಯಸಿದ್ದರು.

ಒಂದು ದಿನ ಬುತ್ತಿ ತೆಗೆದುಕೊಂಡು ಹೋದಾಗ ಅವರ ಮುಖ ಬೇರೆಯಾಗಿತ್ತು.

“ಗಿರಣಿ ಸಾವ್ಕಾರ್ರ ಮಗ ಹೇಳಿ ಕಳಿಸ್ಯಾನ,” ಎಂದರು. “ಕೊಲ್ಹಾರದಾಗ ನಿಂತೈತಲ್ಲ, ಜರ್ಮನ್ ಬೋಟು, ಅದನ್ನ ನನಗ ಕೊಡ್ತಾನಂತ. ಹಂಗೇ, ಪುಕ್ಕಟೆ. ಕಾಗದ ಮಾಡಿಸಿ ಕೊಡ್ತೇನಿ, ಒಯ್ಯು ಅಂದಾನ.”

“ಬೋಟ್ ತಗೊಂಡು ಏನ್ ಮಾಡೂದ್ರಿ?”

“ಇರೂದು.”

ನಾನು ರೊಟ್ಟಿಯ ಗಂಟು ಬಿಚ್ಚುತ್ತಿದ್ದವಳು ಕೈ ನಿಲ್ಲಿಸಿದೆ. ಅವರು ನಗಲಿಲ್ಲ.

ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಪಾತ್ರೆ ಎನ್ನುತ್ತಾರೆ. ಆ ಬೋಟಿನ ಮೈಯೆಲ್ಲ ಅದೇ ತಗಡು. ಯುದ್ಧ ಮುಗಿದ ಮೇಲೆ ಮುಂಬೈಯಲ್ಲಿ ಮಿಲಿಟರಿಯ ಹಳೆಯ ಸಾಮಾನು ಮಾರುವಾಗ ಗಿರಣಿಯ ಹಿರಿಯ ಸಾವ್ಕಾರರು ಅದನ್ನು ಕೊಂಡಿದ್ದರು. ಯಾವನೋ ದೊಡ್ಡ ಅಧಿಕಾರಿಯ ಓಡಾಟಕ್ಕೆ ಮಾಡಿದ್ದಂತೆ. ರೈಲಿನಲ್ಲಿ ಬಂದದ್ದನ್ನು ಸ್ಟೇಷನ್ನಿನಿಂದ ಎರಡು ಬಂಡಿಗಳನ್ನು ಜೋಡಿಸಿ ಎತ್ತು ಹೂಡಿ ಹೊಳೆಗೆ ಸಾಗಿಸಿದ್ದರು. ಅದರ ಎಂಜಿನ್ ಚಾಲೂ ಮಾಡಿದವರು ನಮ್ಮವರೇ. ಸಾವ್ಕಾರರು ಮೂರು ನಾಲ್ಕು ವರ್ಷ ಬೀಗರನ್ನು ಕೂರಿಸಿಕೊಂಡು ಕೃಷ್ಣೆಯಲ್ಲಿ ಸಂಜೆಯ ಸವಾರಿ ಮಾಡಿದರು. ಆಮೇಲೆ ಅವರು ಹಾಸಿಗೆ ಹಿಡಿದರು, ತೀರಿಕೊಂಡರು. ಬೋಟು ಕೊಲ್ಹಾರದಲ್ಲಿ ನಾವೆ ಹತ್ತಿಳಿಯುವ ಕಟ್ಟೆಯ ಕೆಳಗೆ ಒಬ್ಬ ಅಂಬಿಗನ ಕಾವಲಿನಲ್ಲಿ ಉಳಿಯಿತು. ಹನ್ನೆರಡು ವರ್ಷ ದುಡಿದು ಎದೆ ಕಳೆದುಕೊಂಡ ಮನುಷ್ಯ ಬಾಗಿಲಿಗೆ ಬಂದು ನಿಲ್ಲಬಾರದು ಎಂದು ಮಗ ಸಾವ್ಕಾರ ಕಂಡುಕೊಂಡ ದಾರಿ ಅದು ಎಂದು ನನಗೆ ಆಗಲೇ ಅನಿಸಿತು.

“ಯಾರದೂ ಗೋಡಿ ಇಲ್ಲ, ಯಾರದೂ ಬಾವಿ ಇಲ್ಲ,” ಎಂದರು ನಮ್ಮವರು. “ನಾಕೂ ಕಡೆ ಗಾಳಿ. ಹೊರಗ ಹೋಗ್ರಿ ಅನ್ನಾಕ ಒಬ್ಬ ಮಾಲಕ ಇಲ್ಲ. ದೀಪಾವಳಿ ಸೂಟ್ಯಾಗ ಬಾ. ಇದ್ದು ನೋಡೂಣು. ಮನಸಿಗೆ ಬಂದ್ರ ಹೌದು ಅನ್ನು, ಬರ್ಲಿಲ್ಲಂದ್ರ ಬಿಡು.”

ದೀಪಾವಳಿ ಸೂಟಿಯ ಮೊದಲ ದಿನವೇ ಹೋದೆವು.

ನನಗೆ ಅದು ಮೊದಲ ನೋಟಕ್ಕೆ ಬಣ್ಣ ಹೋದ ಎಸ್.ಟಿ. ಬಸ್ಸಿನಂತೆ ಕಂಡಿತು, ಗಾಲಿ ಬಿಚ್ಚಿ ನೀರಿಗೆ ಬಿಟ್ಟ ಬಸ್ಸು. ಮೂವತ್ತಾರು ಅಡಿ ಉದ್ದ. ಕೆಳಗಿನ ಮೈ ಬೂದಿ ಬಣ್ಣದ ತಗಡು, ಸಾಲಾಗಿ ರಿವೆಟ್ ಮೊಳೆ. ಮೇಲೆ ಸಾಗವಾನಿಯ ಕೋಣೆ, ಎರಡೂ ಬದಿಗೆ ಗಾಜಿನ ಕಿಟಕಿ. ಒಳಗೆ ಹೋದ ಮೇಲೆ ಮಾತ್ರ ನಾನು ಒಂದೊಂದನ್ನೇ ಮುಟ್ಟಿ ನೋಡಿದೆ. ಮೂಗಿನ ಕಡೆ ಎದುರುಬದುರು ಎರಡು ಮಲಗುವ ಹಲಗೆ, ಅವುಗಳ ಕೆಳಗೆ ಅರಿವೆ ಇಡಲು ಖಾನೆ. ನಡುವಿನ ಕೋಣೆಯಲ್ಲಿ ಮಡಚುವ ಮೇಜು. ಒಲೆ ಇಡಲು ತಗಡು ಹೊಡೆದ ಮೂಲೆ, ಬಾಗಿಲಿದ್ದ ಸಣ್ಣ ಪಾಯಿಖಾನೆ ಕೂಡ. ಎಂಟು ವರ್ಷದ ಸಂಸಾರದಲ್ಲಿ ನಾನು ಇದ್ದ ಯಾವ ಮನೆಯಲ್ಲೂ ಇಷ್ಟು ಕಿಟಕಿ ಇರಲಿಲ್ಲ. ಬೆಳಿಗ್ಗೆ ಮೂಡಣದ ಬಿಸಿಲು ಒಂದು ಬದಿಯಿಂದ ಬಂದು ಇನ್ನೊಂದು ಬದಿಗೆ ಹಾದುಹೋಗುತ್ತಿತ್ತು.

ಮೂರು ದಿನ ಕಸ, ಬಾವಲಿಯ ಹಿಕ್ಕೆ, ಹಳೆಯ ಎಣ್ಣೆ ತೆಗೆಯುವುದರಲ್ಲಿ ಹೋಯಿತು. ನಮ್ಮವರು ಎಂಜಿನ್ನಿನ ಮುಚ್ಚಳ ತೆಗೆದು ಒಂದೊಂದೇ ಭಾಗ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಅರಿವೆಯ ಮೇಲೆ ಹರಡುತ್ತಿದ್ದರು. ನಡುನಡುವೆ ಬಾಯಲ್ಲಿ ಏನೋ ಗುನುಗುತ್ತಿದ್ದರು. ಎರಡು ವರ್ಷದಿಂದ ನಾನು ಅವರ ಬಾಯಿಂದ ಹಾಡು ಕೇಳಿರಲಿಲ್ಲ. ಕೆಮ್ಮು ಬಂದರೂ ಅದನ್ನು ಅಡಗಿಸಲು ಟವೆಲ್ ಹುಡುಕುತ್ತಿರಲಿಲ್ಲ. ನೀರಿನ ಕಡೆ ಮುಖ ತಿರುಗಿಸಿ ಕೆಮ್ಮಿ ಮತ್ತೆ ಕೆಲಸಕ್ಕೆ ಕೂರುತ್ತಿದ್ದರು. ಅಲ್ಲಿ ಅವರ ಕೆಮ್ಮನ್ನು ಎಣಿಸುವವರು ಯಾರೂ ಇರಲಿಲ್ಲ, ನನ್ನನ್ನು ಬಿಟ್ಟು.

ನಾವೆ ನಡೆಸುವ ಅಂಬಿಗ ದಿನಕ್ಕೊಮ್ಮೆ ದಂಡೆಯಲ್ಲಿ ಕೂತು ಮಾತಾಡಿ ಹೋಗುತ್ತಿದ್ದ. ಹೊಳೆಯ ಬಗ್ಗೆ ಅವನು ಸುಳ್ಳು ಹೇಳುವವನಲ್ಲ.

“ಈಗೇನೋ ಛಲೋ ಐತ್ರಿ ಅಕ್ಕೋರ. ಹೋಳಿ ಹುಣ್ಣಿವಿ ದಾಟಿದ್ರ ನೀರು ಇಳೀತೈತಿ. ಇದು ಉಸುಕಿನ ಮ್ಯಾಲ ಕುಂಡರ್ತೈತಿ. ಅಲ್ಲಿ ನಡಕ ಕಲ್ಲಂಗಡಿ ಹಾಕ್ತಾರ್ರಿ. ಬಿಸಲಾಗ ಈ ತಗಡ ಮುಟ್ಟಿದ್ರ ಕೈ ಸುಡ್ತೈತಿ.”

“ಮಳಿಗಾಲದಾಗ?”

“ಆಷಾಢ ಬರೂದ್ರಾಗ ಎಂಟು ಎತ್ತು ಹೂಡಿ ಮ್ಯಾಲ ದಿಬ್ಬಕ್ಕ ಎಳೀತೇವಿ. ಕಬ್ಬಿಣದ್ದಾಗಿದ್ರ ಎಳ್ಯಾಕ ಆಗ್ತಿದ್ದಿಲ್ಲ, ಇದು ಹಗರ ಐತಿ. ದಸರಾಕ್ಕ ಮತ್ತ ಇಳಸ್ತೇವಿ. ನಾಕು ತಿಂಗಳು ನೀವು ದಿಬ್ಬದ ಮ್ಯಾಲ ಇರಬೇಕಾಗ್ತೈತಿ.”

ಅಂದರೆ ವರ್ಷದಲ್ಲಿ ನಾಲ್ಕೈದು ತಿಂಗಳು ಬೋಟು, ಮೂರು ತಿಂಗಳು ಕಾದ ಹಂಚು, ನಾಲ್ಕು ತಿಂಗಳು ದಿಬ್ಬದ ಮೇಲಿನ ತಗಡಿನ ಗುಡಿಸಲು. ಇದನ್ನು ನಾನು ನಮ್ಮವರಿಗೆ ಹೇಳಿದಾಗ ಅವರ ಹತ್ತಿರ ಉತ್ತರ ತಯಾರಿತ್ತು. ಬೇಸಿಗೆಯಲ್ಲಿ ಮೇಲೆ ಜೋಳದ ಕಣಿಕಿಯ ಚಪ್ಪರ ಹಾಕಿ ನೀರು ಚಿಮುಕಿಸುವುದು. ಹೊಳೆಯ ನಡುವಿನ ಮಡುವಿನಲ್ಲಿ ನೀರು ಪೂರ್ತಿ ಬತ್ತುವುದಿಲ್ಲ, ಅಲ್ಲಿಗೆ ಒಯ್ದರೆ ತಂಪು. ತಗಡಿಗೆ ಗೆದ್ದಲು ಹತ್ತುವುದಿಲ್ಲ, ಕಬ್ಬಿಣದಂತೆ ಜಂಗು ಹಿಡಿಯುವುದಿಲ್ಲ. ಎಂಜಿನ್ ಚಾಲೂ ಆದರೆ ನಾವೆಯ ಕೆಲಸವೂ ಸಿಗಬಹುದು.

“ನನ್ನ ಸಾಲಿ?” ಎಂದೆ.

“ಕೊಲ್ಹಾರದಾಗೂ ಸಾಲಿ ಐತಿ. ಬದಲಿ ಕೇಳು.”

ಮಗಳ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ನಾನು ನನ್ನ ಲೆಕ್ಕದಲ್ಲಿ ಬೋಟನ್ನು ನೋಡುತ್ತಿದ್ದೆ. ಮೊದಲ ದಿನಗಳಿಂದಲೇ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಬೆಳಗಿನ ಜಾವ ಎದ್ದರೆ ಒಳಗಿನ ತಗಡಿನ ಮೈಗೆ ಹನಿ ಕಟ್ಟಿರುತ್ತಿತ್ತು. ಕಾರ್ತೀಕದ ಚಳಿಗೆ ಹೊರಗಿನ ತಗಡು ತಣ್ಣಗಾಗಿ, ನಮ್ಮ ಉಸಿರೇ ನೀರಾಗಿ ಇಳಿಯುತ್ತಿತ್ತು. ಅವರ ಹಾಸಿಗೆಯ ಅಂಚು, ತಲೆದಿಂಬು ಹಸಿ. ಎದೆಯ ರೋಗಿಗೆ ಹಸಿ ಹಾಸಿಗೆ ಒಳ್ಳೆಯದಲ್ಲ ಎಂದು ಹೇಳಲು ಡಾಕ್ಟರು ಬೇಕಾಗಿರಲಿಲ್ಲ. ನಾನು ಹಾಸಿಗೆಯನ್ನು ದಿನವೂ ಮೇಲೆ ಬಿಸಿಲಿಗೆ ಹಾಕುತ್ತಿದ್ದೆ. ಅವರು ಹಲಗೆಗೂ ತಗಡಿಗೂ ನಡುವೆ ಗೋಣಿತಾಟು ಹೊಡೆದರು. ಹನಿ ಕಡಿಮೆಯಾಯಿತು, ನಿಲ್ಲಲಿಲ್ಲ.

ಇನ್ನೊಂದನ್ನು ಕಂಡುಹಿಡಿದದ್ದು ನಾನೇ. ನೆಲಹಲಗೆ ಎತ್ತಿ ತಳದಲ್ಲಿ ಸೇರಿದ ನೀರನ್ನು ತೋಡಿ ಹಾಕುವಾಗ, ತಗಡಿನ ಮೇಲೆ ಅಲ್ಲಲ್ಲಿ ಬಿಳಿ ಹಿಟ್ಟಿನಂಥದು ಹೂ ಬಿಟ್ಟಿತ್ತು. ಬೆರಳಿನಿಂದ ಒರೆಸಿದರೆ ಕೆಳಗೆ ಸಾಸಿವೆ ಗಾತ್ರದ ಗುಳಿ. ಹೆಂಗಸರಿಗೆ ಈ ಗುಳಿಯ ಗುರುತು ಚೆನ್ನಾಗಿ ಗೊತ್ತು. ಹುಣಸೆಹುಳಿಯ ಸಾರನ್ನು ಜರ್ಮನ್ ಪಾತ್ರೆಯಲ್ಲಿ ಬಿಟ್ಟರೆ ಇದೇ ಹೂ, ಇದೇ ಗುಳಿ. ಒಂದು ದಿನ ಒಲೆಯ ಮೇಲಿಟ್ಟ ಪಾತ್ರೆ ಸೋರಿ ಬೆಂಕಿ ಆರಿದಾಗಲೇ ತಿಳಿಯುವುದು. ಕೆಲವು ಗುಳಿಗಳ ನಡುವೆ ಗುಂಡಾದ ಹಸಿರು ತುಣುಕುಗಳಿದ್ದವು. ಕೆರೆದು ನೋಡಿದರೆ ತಾಂಬ್ರದ ಹಳೆಯ ದುಡ್ಡು. ಸಾವ್ಕಾರರ ಬೀಗರು ಹೊಳೆಗೆ ಕೈಮುಗಿದು ಎಸೆದ ದುಡ್ಡುಗಳಲ್ಲಿ ಕೆಲವು ಒಳಗೇ ಬಿದ್ದು, ಹಲಗೆಯ ಸಂದಿಯಿಂದ ತಳ ಸೇರಿದ್ದವು. ಒಂದೊಂದು ದುಡ್ಡೂ ತನ್ನ ಸುತ್ತ ತಗಡನ್ನು ತಿಂದಿತ್ತು.

ನಮ್ಮವರನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ಬಗ್ಗಿ ನೋಡಿದರು.

“ಬೀಡು ಕಬ್ಬಿಣ, ಉಕ್ಕು ನನಗ ಗೊತ್ತೈತಿ,” ಎಂದರು. “ಜರ್ಮನ್ ನನಗ ತಿಳಿಯೂದಿಲ್ಲ. ಬಾಗೇವಾಡಿ ಕಲಾಯಿ ಚಾಚಾಗ ತೋರಸೂಣು. ಅಂವ ಹೇಳಿದ್ದೇ ಖರೆ.”

ಕಲಾಯಿ ಚಾಚಾ ಎಂದರೆ ಬಾಗೇವಾಡಿಯ ಬಜಾರಿನಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ, ಸೋರುವ ಭಾಂಡೆ ಬೆಸೆಯುವ ಮುದುಕ. ಅವರ ಅಜ್ಜನ ಕಾಲದಿಂದ ಅದೇ ಅಂಗಡಿ. ನಮ್ಮವರು ಸೂಜಿಗೆಂದು ಬಾಗೇವಾಡಿ ದವಾಖಾನೆಗೆ ಹೋಗುವಾಗಲೆಲ್ಲ ಆ ಅಂಗಡಿಯಲ್ಲಿ ಕೂತು ಬರುತ್ತಿದ್ದರು. ತಮ್ಮ ಚಹಾದ ಕಪ್ಪನ್ನು ಚಾಚಾ ಯಾವತ್ತೂ ಬೇರೆ ಇಟ್ಟಿಲ್ಲವೆಂದು ನನಗೆ ಹೇಳಿದ್ದರು.

ಚಾಚಾ ಬರುವ ಮುಂಚೆ ಇಂಡಿಯಿಂದ ನನ್ನ ಅವ್ವ ಮಗಳನ್ನು ಕರೆದುಕೊಂಡು ಬಂದಳು. ಹಬ್ಬದಲ್ಲಿ ತಾಯಿಯನ್ನು ನೋಡಬೇಕೆಂದು ಕೂಸು ಹಟ ಹಿಡಿದಿತ್ತಂತೆ. ನಾನು ಬೋಟಿನಿಂದ ದಂಡೆಗೆ ಹಾಕಿದ್ದ ಹಲಗೆಯ ಮೇಲೆ ಓಡಿಹೋಗಿ ಅವಳನ್ನು ಎತ್ತಿಕೊಂಡೆ. ಅವಳು ನನ್ನ ಕುತ್ತಿಗೆ ಹಿಡಿದು, ನನ್ನ ಹೆಗಲ ಮೇಲಿಂದ ಬೋಟನ್ನು ನೋಡಿದಳು.

“ಅವ್ವಾ, ಇದು ದವಾಖಾನಿ ಏನು?”

“ಅಲ್ಲ ತಂಗಿ, ಬೋಟು. ಬಾ, ಒಳಗ ಕಿಟಕಿ ಅದಾವು, ತೋರಸ್ತೇನಿ.”

ಅವಳು ಇಳಿದು ನಿಂತಳು, ಹಲಗೆಯ ಮೇಲೆ ಕಾಲಿಡಲಿಲ್ಲ. “ಆಯಿ ಬ್ಯಾಡ ಅಂದಾಳ,” ಎಂದು ಅಜ್ಜಿಯ ಸೀರೆ ಹಿಡಿದಳು. ನನ್ನ ಅವ್ವ ಬೇರೆ ಕಡೆ ನೋಡಿದಳು.

ನಮ್ಮವರು ಹೊರಗೆ ಬಂದು ಬೋಟಿನ ಹಿಂಬದಿಯಲ್ಲಿ ನಿಂತಿದ್ದರು. ಅವರಿಗೆ ಎಲ್ಲ ಕೇಳಿಸಿತ್ತು. ಮುಖದಲ್ಲಿ ಏನೂ ತೋರಿಸದೆ ಅಲ್ಲಿಂದಲೇ ಮಗಳ ಜೊತೆ ಮಾತಿಗೆ ಶುರು ಮಾಡಿದರು. ಸಾಲೆಯಲ್ಲಿ ಯಾವ ಪಾಠ, ಎಷ್ಟರವರೆಗೆ ಮಗ್ಗಿ ಬರುತ್ತದೆ, ಆಯಿಯ ಎಮ್ಮೆ ಕರು ಹಾಕಿತೇ. ಕೂಸು ದಂಡೆಯಲ್ಲಿ ನಿಂತು ಏಳರ ಮಗ್ಗಿ ಒಪ್ಪಿಸಿತು. ನಡುವೆ ಎಂಟು ಮೊಳ ನೀರು. ಅವರು ನಗುನಗುತ್ತ ತಪ್ಪು ತಿದ್ದಿದರು. ಒಂದು ತಾಸು ಹೀಗೇ ನಡೆಯಿತು. ಮಗಳೂ ಹಗುರಾದಳು, ಅವರಿಗೂ ಅದು ಒಗ್ಗಿದಂತೆ ಕಂಡಿತು. ಮನೆಯ ಪಡಸಾಲೆಯಲ್ಲಾಗಿದ್ದರೆ ಅಷ್ಟು ದೂರ ನಿಂತು ಮಾತಾಡುವುದು ಇಬ್ಬರಿಗೂ ಚುಚ್ಚುತ್ತಿತ್ತು. ಬೋಟಿನಲ್ಲಿ ಆ ದೂರ ಸಹಜವಾಗಿತ್ತು. ದಂಡೆ ದಂಡೆಯಲ್ಲಿತ್ತು, ಬೋಟು ನೀರಿನಲ್ಲಿತ್ತು, ಅಷ್ಟೇ.

ನನಗೆ ಬೇರೆಯೇ ಒಂದು ತೋಚಿದ್ದು ಆ ಗಳಿಗೆಯಲ್ಲಿ. ಊರವರು ಏನನ್ನು ಬಯಸಿದ್ದರೋ ಅದನ್ನು ನಾವೇ ನಮ್ಮ ಕೈಯಿಂದ ಮಾಡಿ ಕೊಡುತ್ತಿದ್ದೇವೆ ಅನಿಸಿತು. ಇಲ್ಲಿ ಮನೆ ಹೂಡಿದರೆ ಈ ಹಲಗೆಯ ಉದ್ದ ಎಂದಿಗೂ ಕಡಿಮೆಯಾಗುವುದಿಲ್ಲ. ಮಗಳು ದೊಡ್ಡವಳಾಗುತ್ತಾಳೆ, ಪ್ರತಿ ದೀಪಾವಳಿಗೆ ದಂಡೆಗೆ ಬಂದು ಮಗ್ಗಿ ಒಪ್ಪಿಸಿ ಹೋಗುತ್ತಾಳೆ. ಒಂದು ದಿನ ಅಪ್ಪನಿಗೂ ಅದೇ ಸಾಕೆನಿಸುತ್ತದೆ.

ಹೋಗುವಾಗ ಅವ್ವ ನನ್ನೊಬ್ಬಳನ್ನೇ ಬೇವಿನ ಗಿಡದ ಹತ್ತಿರ ಕರೆದಳು. “ಇಲ್ಲಿ ಇರತೀಯೇನು? ಇರು. ಕೂಸಿನ್ನ ನಾ ಬೆಳಸ್ತೇನಿ. ಅದರ ಚಿಂತಿ ಬಿಡು,” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಅದು ಮಗಳನ್ನು ಬರೆದುಕೊಟ್ಟಂತೆ ಕೇಳಿಸಿತು.

ಎರಡು ದಿನ ಬಿಟ್ಟು ಚಾಚಾ ಬಂದರು. ಅಂದು ನಮ್ಮವರಿಗೆ ಸೂಜಿಯ ದಿನ. ಬೆಳಗಿನ ಬಸ್ಸಿಗೆ ಬಾಗೇವಾಡಿಗೆ ಹೋಗಿದ್ದರು, ಚಾಚಾನನ್ನು ಜೊತೆಗೇ ಕರೆತರುವ ಮಾತಾಗಿತ್ತು. ದವಾಖಾನೆಯಲ್ಲಿ ಡಾಕ್ಟರು ತಡವಾಗಿ ಬಂದರು, ಚಾಚಾ ಒಬ್ಬರೇ ಬಸ್ ಹತ್ತಿ ಬಂದುಬಿಟ್ಟರು. ಚಿಕ್ಕ ಸುತ್ತಿಗೆ, ಒಂದು ಚೂಪು ಸಲಾಕಿ, ಕನ್ನಡಕ, ಇಷ್ಟೇ ಅವರ ಹತ್ಯಾರ. ಹೆಗಲ ಮೇಲಿನ ಶಾಲು ತೆಗೆದಿಟ್ಟು, ನೆಲಹಲಗೆಗಳನ್ನೆಲ್ಲ ನನ್ನಿಂದ ಎತ್ತಿಸಿ, ಮೂಗಿನಿಂದ ಹಿಂಬದಿಯವರೆಗೆ ಗೇಣುಗೇಣಿಗೆ ತಟ್ಟುತ್ತ ಬಂದರು. ತಟ್ಟಿ ಕಿವಿಗೊಡುವುದು, ಸಲಾಕಿಯಿಂದ ಒತ್ತುವುದು, ಸುಣ್ಣದ ಕಡ್ಡಿಯಿಂದ ಗುರುತು ಮಾಡುವುದು. ಎಂಜಿನ್ನಿನ ತಾಂಬ್ರದ ನಳಿಗೆ ತಗಡಿಗೆ ತಾಗುವ ಕಡೆ ಸಲಾಕಿ ಒಳಗೆ ಹೋಯಿತು, ಅಲ್ಲಿಂದ ನೀರು ಎಳೆಯಂತೆ ಬಂತು. ಅದಕ್ಕೆ ಅರಿವೆ ತುರುಕಿ ಮುಂದೆ ಹೋದರು. ಕೊನೆಗೆ ಮೇಲೆ ಬಂದು ಕೂತು ನಾನು ಕೊಟ್ಟ ಚಹಾ ಕುಡಿದರು.

“ಎರಡು ತಗಡು ಹೋಗ್ಯಾವ್ರಿ ಅಕ್ಕೋರ. ಎಂಜಿನ್ ಬುಡಕಿಂದೊಂದು, ನಡುವಿಂದೊಂದು. ಉಳದದ್ದು ಗಟ್ಟಿ ಐತಿ. ಜರ್ಮನ್‌ಗೆ ನಮ್ಮ ಬೆಸಗಿ ಹತ್ತೂದಿಲ್ಲ. ಇದೇ ಜಾತಿ ತಗಡು ತಂದು, ಇದೇ ಜಾತಿ ಮೊಳಿ ಹೊಡಿಬೇಕು, ಕಬ್ಬಿಣದ ಮೊಳಿ ಹೊಡದ್ರ ಕೆಡತೈತಿ. ತಾಂಬ್ರ ಅನ್ನೂದು ಒಂದ್ ಚೂರೂ ತಳದಾಗ ಇರಬಾರ್ದು. ನಳಿಗಿ ಕೆಳಗ ಚರ್ಮ ಹಾಕ್ರಿ. ಇಷ್ಟು ಮಾಡಿದ್ರ ಹತ್ತ ವರ್ಷ ಅಂಜಿಕಿಲ್ಲ. ನಾನೇ ಮಾಡಿ ಕೊಡ್ತೇನಿ.”

ನಾನು ತಲೆಯಾಡಿಸಿದೆ. “ನಮ್ಮವರಿಗೆ ನಾನು ಹೇಳ್ತೇನ್ರಿ,” ಎಂದೆ. ಮಧ್ಯಾಹ್ನದ ಬಸ್ಸಿಗೆ ಅವರು ಹೋದರು. ಹೋಗುವ ಮುಂಚೆ ಶಾಲು ಹೊದೆಯುತ್ತ, “ನಮ್ಮ ಎಂಜಿನ್ ಮಿಸ್ತ್ರಿಗೆ ಈ ಬೋಟಿನ ಮ್ಯಾಲ ಭಾಳ ಜೀವ ಐತಿ,” ಎಂದರು.

ಅವರು ಹೋದ ಮೇಲೆ ನಾನು ಒಂದು ಒದ್ದೆ ಅರಿವೆ ತೆಗೆದುಕೊಂಡು ತಳಕ್ಕಿಳಿದು ಸುಣ್ಣದ ಗುರುತುಗಳನ್ನು ಒರೆಸಿದೆ. ಯಾಕೆ ಒರೆಸುತ್ತಿದ್ದೇನೆಂದು ನನಗೆ ಒರೆಸುವಾಗ ಗೊತ್ತಿರಲಿಲ್ಲ ಎಂದು ಹೇಳಿದರೆ ಅದೂ ಸುಳ್ಳಾದೀತು.

ನಮ್ಮವರು ಹೊತ್ತು ಇಳಿಯುವಾಗ ಬಂದರು. ದಾರಿಯಲ್ಲಿ ಚಾಚಾ ಸಿಗಲಿಲ್ಲವೆಂದು ಅವರಿಗೆ ಚಡಪಡಿಕೆ. ಹಲಗೆ ದಾಟುವ ಮುಂಚೆಯೇ ಕೇಳಿದರು.

“ಚಾಚಾ ಏನಂದ್ರು?”

“ತಳ ಪೂರಾ ಹೋಗೈತಂತ್ರಿ. ಒಂದು ಕಡೆ ಹಚ್ಚಿದ್ರ ಇನ್ನೊಂದು ಕಡೆ ಬಾಯಿ ಬಿಡ್ತೈತಿ, ಒಂದು ಮಳಿಗಾಲ ತಡಿಯೂದಿಲ್ಲ ಅಂದ್ರು.”

ಬಾಗೇವಾಡಿಯಲ್ಲಿ ಹೆಣ್ಣುಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಹೇಳುವವಳು ನಾನು. ಎಷ್ಟು ಸಲೀಸಾಗಿ ಬಂತು ಆ ಮಾತು. ಅವರು ನನ್ನ ಮುಖ ನೋಡಲಿಲ್ಲ. ಕೆಳಗೆ ಇಳಿದು, ಅರಿವೆ ತುರುಕಿದ ತೂತಿನ ಹತ್ತಿರ ಕೂತು, ತಗಡಿನ ಮೇಲೆ ಅಂಗೈ ಇಟ್ಟರು. ಕಾಯಿಲೆಯ ದನದ ಹೊಟ್ಟೆ ಮುಟ್ಟಿ ನೋಡುವವರ ಹಾಗೆ.

“ಚಾಚಾ ಅಂದ್ರಂದ್ರ ಮುಗೀತು,” ಎಂದರು.

ಮರುದಿನ ಬಿಚ್ಚಿದ್ದ ಎಂಜಿನ್ನನ್ನು ಪೂರ್ತಿ ಜೋಡಿಸಿದರು. ಇಟ್ಟುಕೊಳ್ಳದ ಬೋಟಿನ ಎಂಜಿನ್ ಯಾಕೆ ಜೋಡಿಸುತ್ತೀರಿ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಒಂದು ಸ್ಕ್ರೂ ಕೂಡ ಉಳಿಸದೆ ಬಿಗಿದು, ಮುಚ್ಚಳ ಹಾಕಿ, ಕೈ ತೊಳೆದುಕೊಂಡರು. ಆ ದಿನ ಗುನುಗಲಿಲ್ಲ. ಸಾವ್ಕಾರರ ಮಗನಿಗೆ ಬೋಟು ಬೇಡವೆಂದು ಕಾಗದ ಬರೆದೆವು. ಬರೆದ ಕೈ ನನ್ನದು.

ಸೂಟಿ ಮುಗಿಯುವ ಮುಂಚೆ ನಾನು ಬದಲಿಗೆ ಅರ್ಜಿ ಹಾಕಿದೆ, ಯಾರೂ ಕೇಳದ ಊರು ಯಾವುದಿದೆಯೋ ಅದಕ್ಕೆ. ಗೊಳಸಂಗಿ ಸಿಕ್ಕಿತು. ಅಲ್ಲಿಯ ರೈತರಿಗೆ ತಮ್ಮ ಹುಡುಗಿಯರಿಗೆ ಕಲಿಸಲು ಹೆಣ್ಣು ಮಾಸ್ತರು ಬೇಕಾಗಿತ್ತು, ಯಾರೂ ಬಂದು ನಿಲ್ಲುತ್ತಿರಲಿಲ್ಲ. ಊರಿನ ಹಿರಿಯ ಗೌಡರೊಬ್ಬರು ತಮ್ಮ ಹಿತ್ತಲಿಗೆ ಹತ್ತಿದ ಎರಡು ಅಂಕಣದ ಮನೆ ತೋರಿಸಿದರು. ಮಣ್ಣಿನ ಮಾಳಿಗೆ, ಗಟ್ಟಿ ಗೋಡೆ, ಕಿಟಕಿ ಒಂದೇ, ಅದೂ ಅಂಗೈಯಗಲ. ನಾನು ಒಳಗೆ ಕಾಲಿಡುವ ಮುಂಚೆಯೇ ಹೇಳಿಬಿಟ್ಟೆ: ನಮ್ಮವರಿಗೆ ಕ್ಷಯ ಆಗಿತ್ತು, ಗುಣವಾಗಿದೆ, ಡಾಕ್ಟರ ಕಾಗದ ಇದೆ. ಒಂದು ಸುಳ್ಳಿನ ಭಾರ ಎದೆಯ ಮೇಲಿತ್ತು, ಇನ್ನೊಂದನ್ನು ಹೊರುವ ಶಕ್ತಿ ಇರಲಿಲ್ಲ.

ಗೌಡರು ಕಾಗದವನ್ನು ಕೈಯಲ್ಲಿ ತೆಗೆದುಕೊಂಡು, ಓದಲು ಬಾರದಿದ್ದರೂ ಎರಡೂ ಬದಿ ನೋಡಿದರು.

“ಏನ್ ಕೆಲಸ ಬರ್ತೈತಿ ಅವರಿಗೆ?”

“ಎಂಜಿನ್ ರಿಪೇರಿ ಮಾಡ್ತಾರ್ರಿ.”

“ನಮ್ಮ ಬಾವ್ಯಾಗ ಎಣ್ಣಿ ಎಂಜಿನ್ ಕುಂದರ್ಸೇವಿ. ವಾರಕ್ಕೆರಡು ಸಲ ಮುನಿಸಿಕೊಂಡು ನಿಂದರ್ತೈತಿ. ಬರ್ರಿ, ಇರ್ರಿ.”

ಅಷ್ಟೇ. ಮೂರು ಊರಿನಲ್ಲಿ ಸಿಗದಿದ್ದ ಮನೆ ನಾಲ್ಕು ಮಾತಿನಲ್ಲಿ ಸಿಕ್ಕಿತು. ನಮ್ಮವರು ಸುತ್ತಮುತ್ತಲಿನ ಹೊಲಗಳ ಎಂಜಿನ್ ರಿಪೇರಿಗೆ ಹೋಗತೊಡಗಿದರು. ಜನ ಅವರನ್ನು ತಮ್ಮ ಬಾವಿಗೆ ಇಳಿಸಿಕೊಂಡರು, ತಮ್ಮ ತಂಬಿಗೆಯಿಂದ ನೀರು ಕೊಟ್ಟರು. ಬೇಸಿಗೆ ಕಳೆದ ಮೇಲೆ ನಾನೇ ಇಂಡಿಗೆ ಹೋಗಿ ಮಗಳನ್ನು ಕರೆತಂದೆ. ಅವ್ವ ಅತ್ತಳು, ತಡೆಯಲಿಲ್ಲ. ಮೊದಲ ವಾರ ಮಗಳು ಅಪ್ಪನಿಂದ ಎರಡು ಮಾರು ದೂರ ಕೂತು ಉಣ್ಣುತ್ತಿದ್ದಳು. ಆಮೇಲೆ ಯಾವಾಗ ಹತ್ತಿರ ಸರಿದಳೋ ನನಗೆ ತಿಳಿಯಲಿಲ್ಲ. ಒಂದು ದಿನ ನೋಡಿದರೆ ಅವರ ತೊಡೆಯ ಮೇಲೆ ತಲೆಯಿಟ್ಟು ಪುಸ್ತಕ ಓದುತ್ತಿದ್ದಳು.

ಅದೇ ಚಳಿಗಾಲದಲ್ಲಿ ಕೊಲ್ಹಾರದ ಹೊಳೆ ದಾಟುವ ಪ್ರಸಂಗ ಬಂತು, ಒಂದು ಮದುವೆಗೆ. ನಾವು ಮೂವರೂ ನಾವೆಯಲ್ಲಿ ಕೂತಿದ್ದೆವು. ಹೊಳೆಯ ಮೇಲಿನ ಕಡೆಯಿಂದ ಎಂಜಿನ್ನಿನ ಸಪ್ಪಳ ಕೇಳಿಸಿತು, ಜರ್ಮನ್ ಬೋಟು ನೀರು ಸೀಳಿಕೊಂಡು ಬಂತು. ಹೊಳೆಯ ಅಳತೆಯ ಕೆಲಸ ಹಿಡಿದ ಗುತ್ತೇದಾರನೊಬ್ಬ ಅದನ್ನು ಸಾವ್ಕಾರರ ಮಗನಿಂದ ತೆಗೆದುಕೊಂಡು ರಿಪೇರಿ ಮಾಡಿಸಿದ್ದನಂತೆ. ಮೈಗೆ ಹಸಿರು ಬಣ್ಣ ಬಳಿದಿದ್ದರು. ನಮ್ಮವರು ಅದು ತಿರುವು ದಾಟಿ ಕಾಣದಾಗುವವರೆಗೆ ನೋಡಿದರು. ನಾನು ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ ಕೂತೆ.

“ಎಂಜಿನ್ ಛಲೋ ನಡದೈತಿ,” ಎಂದರು. ಮುಂದೆ ಕೆಲವು ವರ್ಷ ಅದು ಹೊಳೆಯಲ್ಲಿ ಓಡಾಡಿಕೊಂಡೇ ಇತ್ತು.

ಗೊಳಸಂಗಿಗೆ ಬಂದ ಮೂರನೆಯ ವರ್ಷ ಮಳೆಗಾಲದಲ್ಲಿ ಅವರಿಗೆ ಕೆಮ್ಮು ಮರಳಿತು, ಜ್ವರವೂ ಬಂತು. ಬಾಗೇವಾಡಿಯ ಡಾಕ್ಟರು ಎಂಥ ಮನೆಯಲ್ಲಿ ಇದ್ದೀರಿ ಎಂದು ಕೇಳಿದರು. ಹೇಳಿದೆ. “ಗಾಳಿ ಬೆಳಕಿನ ಜಾಗ ಹುಡುಕಿ ಅಂತ ಕಾಗದದಲ್ಲಿ ಬರೆದಿತ್ತಲ್ಲ,” ಎಂದರು ಅವರು, ಬೈದದ್ದಲ್ಲ. ಆ ಮಾತು ನನಗೆ ಎಲ್ಲಿ ತಾಗಿತೆಂದು ಅವರಿಗೆ ಗೊತ್ತಾಗುವಂತಿರಲಿಲ್ಲ. ಬೋಟಿನ ಆರು ಕಿಟಕಿಗಳು ಕಣ್ಣ ಮುಂದೆ ಬಂದವು. ತಲೆದಿಂಬಿನ ಹಸಿಯೂ ನೆನಪಾಯಿತು, ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಗೌಡರು ಕೇಳಿದ ಕೂಡಲೇ ಗೋಡೆ ಒಡೆಸಿ ದೊಡ್ಡ ಕಿಟಕಿ ಇಡಿಸಿಕೊಟ್ಟರು. ಹೊಸ ಗುಳಿಗೆಗಳು ಬಂದಿದ್ದವು, ಸೂಜಿಯ ಜೊತೆ ಅವನ್ನೂ ಶುರು ಮಾಡಿದೆವು.

ಆ ಕಿಟಕಿಯ ಕೆಳಗೆ ಹಾಸಿಗೆಯಲ್ಲಿದ್ದ ಒಂದು ಮಧ್ಯಾಹ್ನ, ಮಗಳು ಸಾಲೆಯಲ್ಲಿದ್ದಾಗ, ನಾನು ಗಂಜಿ ತಂದಿಟ್ಟೆ. ಅವರು ಗಂಜಿಯ ಕಡೆ ನೋಡದೆ ಹೇಳಿದರು.

“ಒಂದು ಮಾತು ಕೇಳ್ತೇನಿ. ನಿನಗ ಅಂಜಿಕಿ ಬೋಟಿಂದಿತ್ತೋ, ನಂದಿತ್ತೋ?”

ನನಗೆ ಅರ್ಥವಾಗಲಿಲ್ಲ ಎಂಬಂತೆ ನಿಂತೆ.

“ಬೋಟು ಬ್ಯಾಡಂದ ಮ್ಯಾಲ ಆ ಮಾತು ನಾನೂ ಎತ್ತಿದ್ದಿಲ್ಲ, ಚಾಚಾನೂ ಎತ್ತಿದ್ದಿಲ್ಲ. ಹೋದ ವರ್ಷ ಚಾಚಾ ಹೇಳಿದ್ರು. ಎರಡು ತಗಡು ಹಚ್ಚಿದ್ರ ಹತ್ತ ವರ್ಷ ಅಂಜಿಕಿಲ್ಲ ಅಂತ ನಿನಗ ಹೇಳಿದ್ದರಂತ. ಆ ಗುತ್ತೇದಾರಗ ಅವರೇ ಹಚ್ಚಿಕೊಟ್ಟಾರ.”

ಒಂದು ವರ್ಷದಿಂದ ಗೊತ್ತಿತ್ತು ಅವರಿಗೆ. ಆ ಒಂದು ವರ್ಷದಲ್ಲಿ ನನ್ನ ಮೇಲೆ ಒಮ್ಮೆಯೂ ಗದರಿರಲಿಲ್ಲ. ಆದರೆ ತಾಟನ್ನು ತಾವೇ ತೊಳೆಯುವ ರೂಢಿ ಅವರಿಗೆ ಮತ್ತೆ ಬಂದಿತ್ತು. ನಾನು ಅದನ್ನು ಸ್ಯಾನಿಟೋರಿಯಂನಲ್ಲಿ ಕಲಿತ ಅಭ್ಯಾಸ ಎಂದುಕೊಂಡಿದ್ದೆ. ಹೆಂಡತಿ ಸಣ್ಣ ಬೋಟಿನಲ್ಲಿ ತನ್ನ ಹತ್ತಿರ ಮಲಗಲು ಅಂಜಿ ಸುಳ್ಳು ಹೇಳಿದಳೆಂದು ನಂಬಿಕೊಂಡು, ಅವರು ಒಂದು ವರ್ಷ ನನ್ನ ಜೊತೆ ಒಂದೇ ಸೂರಿನ ಕೆಳಗೆ ಇದ್ದರು.

ನಾನು ನೆಲದ ಮೇಲೆ ಕೂತೆ. ಎಲ್ಲವನ್ನೂ ಹೇಳಿದೆ. ದಂಡೆಯ ಮೇಲೆ ನಿಂತ ಮಗಳು, ಎಂಟು ಮೊಳ ನೀರು, ಅವರು ನಗುನಗುತ್ತ ಮಗ್ಗಿ ತಿದ್ದಿದ್ದು, ಬೇವಿನ ಗಿಡದ ಕೆಳಗೆ ಅವ್ವ ಆಡಿದ ಮಾತು, ಒರೆಸಿದ ಸುಣ್ಣದ ಗುರುತು. ಹೇಳುವಾಗ ಅವರು ಕಿಟಕಿಯ ಕಡೆಗೇ ನೋಡುತ್ತಿದ್ದರು.

“ಇದನ್ನ ಆವತ್ತೇ ಹೇಳಿದ್ರ,” ಎಂದರು, “ನಾನೇ ಬ್ಯಾಡ ಅಂತಿದ್ನಿ.”

ಆಮೇಲೆ ಗಂಜಿ ಕುಡಿದರು. ತಾಟಿಗೆ ನಾನು ಕೈ ಚಾಚಿದಾಗ ಕೊಟ್ಟರು.

ಆ ಕಾಯಿಲೆಯಿಂದ ಅವರು ಎದ್ದರು. ಎದ್ದು ಇನ್ನೂ ಹಲವು ವರ್ಷ ಹೊಲಹೊಲ ತಿರುಗಿ ಎಂಜಿನ್ ರಿಪೇರಿ ಮಾಡಿದರು. ಬೋಟು ಬೇಡವೆಂದದ್ದು ತಪ್ಪೋ ಸರಿಯೋ ಎಂದು ತೂಗುವುದನ್ನು ನಾನು ಎಂದೋ ಬಿಟ್ಟೆ. ಎರಡೂ ಕಡೆಗೆ ಹೇಳಲು ಸಾಕಷ್ಟಿದೆ. ತೂಗಲು ಬಾರದೆ ಉಳಿದದ್ದು ಆ ಒಂದು ವರ್ಷ. ಊರವರ ಅಂಜಿಕೆಯನ್ನು ನಾವಿಬ್ಬರೂ ಸೇರಿ ಹೊತ್ತಿದ್ದೆವು. ನನ್ನ ಅಂಜಿಕೆ ಎಂದು ತಾವು ತಿಳಿದದ್ದನ್ನು ಮಾತ್ರ ಅವರು ಒಬ್ಬರೇ ಹೊತ್ತರು.